ಐದನೆಯ ಸೆಕೆಂಡು

೧೮ ಮೇ ೨೦೦೧, ಬೆಳಿಗ್ಗೆ

ಅಂಗಳದ ಸಿಮೆಂಟಿನ ಮೇಲೆ ಎಂಟು ದುಂಡು ಗುರುತುಗಳಿವೆ. ಸಾಲಾಗಿ, ಕಾಂಪೌಂಡಿನ ಕಡೆಗೆ. ಹಲ್ಲುಜ್ಜುತ್ತ ನಿಂತಾಗ ಕಂಡವು. ಹೂವಿನ ಕುಂಡಗಳಿದ್ದ ಜಾಗ. ಕುಂಡಗಳು ಈಗ ಮನೆಯ ಗೋಡೆಗೆ ಅಂಟಿಕೊಂಡು ನಿಂತಿವೆ. ಏಳು. ಉಳಿದೊಂದು, ಕರಿಬೇವಿನದು, ಮೇ ಎರಡರಂದು ಒಡೆಯಿತು. ಅನುಜಾ ಗಚ್ಚಿಯಿಂದ, ಮೇಲಿನ ತಾರಸಿಯಿಂದ, ಬಿದ್ದದ್ದು ಅದರ ಮೇಲೆ.

ಯಾವಾಗ ಸರಿಸಿದರೋ. ಇಷ್ಟು ದಿನ ಆ ಕಡೆ ನೋಡುವುದನ್ನೇ ತಪ್ಪಿಸುತ್ತಿದ್ದೆ.

ಹತ್ತಕ್ಕೆ ಲೀಲಾ ಕಾಕು ಮೇಲಿನಿಂದ ಬಂದರು. ಅನುಜಾಳ ತಾಯಿ. ಮನೆ ಅವರದು. ಕೆಳಗಿನ ಭಾಗದಲ್ಲಿ ಅಪ್ಪ, ಅವ್ವ, ನಾನು ಬಾಡಿಗೆಗೆ ಇದ್ದೇವೆ, ಒಂಬತ್ತು ವರ್ಷದಿಂದ. ಕಾಕು ಹೊಸ್ತಿಲಲ್ಲೇ ಕೂತು ಹೇಳಿದರು. ಅನುಜಾ ಹನ್ನೊಂದನೆಯದರಲ್ಲಿ ಫಿಜಿಕ್ಸ್ ಒಂದರಲ್ಲೇ ಫೇಲು. ಜೂನ್ ಹದಿನಾಲ್ಕಕ್ಕೆ ಮರುಪರೀಕ್ಷೆ. ಎರಡೂ ಮಣಿಕಟ್ಟು ಪ್ಲಾಸ್ಟರಿನಲ್ಲಿ. ಅವಳು ಬಾಯಿಂದ ಹೇಳಿದ್ದನ್ನು ಬರೆಯಲು ಒಬ್ಬ ರೈಟರ್ ಬೇಕು.

"ಸೈನ್ಸ್ ಗೊತ್ತಿದ್ದವರು ನಡಿಯೂದಿಲ್ಲಂತ. ಕಾಲೇಜಿನ ರೂಲ್ ಅದ. ನಮ್ಮ ಶೀತಲ್‌ಗ ಏನೂ ಗೊತ್ತಿಲ್ಲಲ್ಲ, ಅಕಿನ ಬೇಕು."

ಅವ್ವ ನಕ್ಕಳು. "ಅದಕ್ಕ ನೋಡ್ರಿ ಬಿ.ಎ. ಓದ್ಸಿದ್ದು. ಇವತ್ತ ಉಪಯೋಗಕ್ಕ ಬಂತು."

ಕಾಕು ನಗಲಿಲ್ಲ. "ನಾ ಅವತ್ತ ಸಂಡಿಗಿ ತರಲಿಕ್ಕೆ ಗಚ್ಚಿಗೆ ಕಳಿಸಬಾರದಿತ್ತು ಗೌರಾಬಾಯಿ. ಆ ಸಂಡಿಗಿ ಸುಟ್ಟು ಬರಲಿ." ಸೆರಗು ಮುಖಕ್ಕೆ ಹೋಯಿತು.

ಹೂಂ ಅಂದೆ. ಇಲ್ಲ ಎನ್ನುವುದು ನನಗೆ ಎಂದೂ ಬಂದಿಲ್ಲ.

೨೧ ಮೇ

ಅನುಜಾಳ ಅಪ್ಪ ಪ್ರಲ್ಹಾದ ಕಾಕಾ ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಕಾಲೇಜಿಗೆ ಕರೆದೊಯ್ದರು. ಆಫೀಸಿನಲ್ಲಿ ಒಂದು ಫಾರ್ಮು. ಕೊನೆಯ ಸಾಲು: ಈ ವಿಷಯದಲ್ಲಿ ನನಗೆ ಯಾವ ಜ್ಞಾನವೂ ಇಲ್ಲವೆಂದು ದೃಢಪಡಿಸುತ್ತೇನೆ.

ಕ್ಲರ್ಕ್ ನನ್ನ ಮಾರ್ಕ್ಸ್‌ಶೀಟು ನೋಡಿದ. "ಲಿಟರೇಚರ್? ಮಗ ಕಾಹೀ ಭೀತಿ ನಾಹೀ." ಮರಾಠಿಯವನು, ಹಾಗಾದರೆ ಹೆದರಿಕೆಯೇ ಇಲ್ಲವಂತೆ. ಪಕ್ಕದವನೂ ನಕ್ಕ. ಸಹಿ ಹಾಕಿದೆ. ನಿಜವನ್ನೇ ಬರೆದುಕೊಟ್ಟೆನಲ್ಲ, ಆದರೂ ಕಿವಿ ಬಿಸಿಯಾಯಿತು. ಪರೀಕ್ಷೆಯ ದಿನ ಹಾಲ್‌ನಲ್ಲಿ ಇದೇ ಫಾರ್ಮಿಗೆ ಇನ್ನೊಮ್ಮೆ ಸಹಿ.

೨೨ ಮೇ, ಸಂಜೆ

ಅಭ್ಯಾಸ ಶುರು, ಮೇಲೆ ಅವರ ಮನೆಯಲ್ಲಿ. ದಿನಾ ಐದರಿಂದ ಏಳೂವರೆ. ಮೊದಲ ಒಂದೂವರೆ ತಾಸು ನಾವಿಬ್ಬರೇ. ಆರೂವರೆಗೆ ಕಾಕಾನ ಕಂಪನಿ ಬಸ್ಸು ರಾಂಜಣಗಾಂವದಿಂದ ಬರುತ್ತದೆ. ಅವರು ಅಲ್ಲಿನ ಕಾರ್ಖಾನೆಯಲ್ಲಿ ಟೂಲ್‌ರೂಮ್ ಇಂಜಿನಿಯರ್. ಚಹ ಕುಡಿದು ನಮ್ಮ ಎದುರು ಕುರ್ಚಿ ಹಾಕಿಕೊಳ್ಳುತ್ತಾರೆ.

ಲೆಕ್ಕಗಳೆಲ್ಲ ಕೇದಾರನ ಹಳೆಯ ನೋಟ್‌ಬುಕ್ಕಿನವು. ಅನುಜಾಳ ಅಣ್ಣ, ಇಂಜಿನಿಯರಿಂಗ್ ಮೂರನೇ ವರ್ಷ, ಹಾಸ್ಟೆಲಿನಲ್ಲಿದ್ದಾನೆ. ಫಿಜಿಕ್ಸಿನಲ್ಲಿ ತೊಂಬತ್ತೆಂಟು. ಆ ಅಂಕ ಈ ಮನೆಯಲ್ಲಿ ಇನ್ನೊಬ್ಬ ಮಗನ ಹಾಗೆ ಓಡಾಡಿಕೊಂಡಿದೆ.

ಗಚ್ಚಿಗೆ ಹೋಗುವ ಬಾಗಿಲು ನಾವು ಕೂರುವ ಕೋಣೆಯಲ್ಲೇ, ಅದೇ ಮಟ್ಟದಲ್ಲಿ. ಹೊಸ ಕೀಲಿ ಜಡಿದಿದ್ದಾರೆ. ಹಿತ್ತಾಳೆಯದು, ಅಂಗಡಿಗಳಿಗೆ ಹಾಕುವಂಥದ್ದು. ಕೀಲಿಕೈ ಕಾಕಾನ ಸ್ಕೂಟರ್ ಗೊಂಚಲಿನಲ್ಲಿದೆ.

ಅನುಜಾಳ ಗದ್ದದ ಮೇಲೆ ಆರು ಹೊಲಿಗೆಯ ಗುರುತು. ಪ್ಲಾಸ್ಟರಿನ ಕೈಗಳನ್ನು ಮೇಜಿನ ಮೇಲೆ ಎರಡು ಪಾರ್ಸೆಲ್‌ಗಳಂತೆ ಇಟ್ಟುಕೊಂಡು ಕೂರುತ್ತಾಳೆ. ಮೊದಲು ಭಾಳ ಮಾತಾಡುತ್ತಿದ್ದ ಹುಡುಗಿ. ಮೆಟ್ಟಿಲಿನ ಮೇಲೆ ಕಾಲು ಸಪ್ಪಳದಿಂದಲೇ ಗೊತ್ತಾಗುತ್ತಿತ್ತು.

ಸೈನ್, ಥೀಟಾ, ಸ್ಕ್ವೇರ್... ಹೇಳುತ್ತಾಳೆ, ಬರೆಯುತ್ತೇನೆ. ಥೀಟಾ ಬರೆಯುವುದೆಂದರೆ ನನಗೆ ಮುಖಕ್ಕೆ ಕಣ್ಣಿಲ್ಲದ ಚಿತ್ರ ಬರೆದ ಹಾಗೆ.

೨೬ ಮೇ

ಇವತ್ತು ಸುಮ್ಮನಿರಲಾಗದೆ ಕೇಳಿಬಿಟ್ಟೆ. ಅಡ್ಡಕ್ಕೆ ಒಗೆದ ಚೆಂಡು, ಸುಮ್ಮನೆ ಕೈಬಿಟ್ಟ ಚೆಂಡು — ಎರಡೂ ಒಂದೇ ಹೊತ್ತಿಗೆ ನೆಲ ಮುಟ್ಟುವುದು ಹೇಗೆ?

"ನೀ ಕೇಳಬಾರ್ದು ಅಕ್ಕಾ. ಸಹಿ ಹಾಕೀದಿ." ಬಿದ್ದ ಮೇಲೆ ಮೊದಲ ಸಲ ನಕ್ಕಳು. ಹೊಲಿಗೆಯ ಜಾಗ ಎಳೆದು ಮುಖ ಕಿವುಚಿದಳು. "ಆ ರಬ್ಬರ್ ಮೇಜಿನ ಅಂಚಿಗೆ ಇಡು. ಇನ್ನೊಂದು ಕೈಯಾಗ ಹಿಡಿ. ಅಷ್ಟ ಎತ್ತರಕ್ಕ. ನಾ ಒಂದು ಎರಡು ಅಂತೀನಿ."

ಮೂರು ಅನ್ನುವಾಗ ಪ್ಲಾಸ್ಟರಿನಿಂದ ಒಂದು ರಬ್ಬರಿಗೆ ಹೊಡೆದಳು. ಅದು ಕಪಾಟಿನವರೆಗೆ ಹಾರಿತು. ನಾನು ನನ್ನದನ್ನು ಬಿಟ್ಟೆ. ಒಂದೇ ಸಪ್ಪಳ. ಮತ್ತೆ ಮಾಡಿದೆವು. ಐದು ಸಲ. ಪ್ರತಿ ಸಲ ಒಂದೇ ಸಪ್ಪಳ.

"ಅಡ್ಡ ಹೋಗೂದಕ್ಕ ಕೆಳಗ ಬೀಳೂದರ ಸುದ್ದಿನ ಇರೂದಿಲ್ಲ. ಎರಡೂ ಬ್ಯಾರೆ ಬ್ಯಾರೆ. ಒಂದ ಮನಿಯಾಗ ಇದ್ದು ಮಾತಾಡದವರಂಗ."

ಈ ಹುಡುಗಿ ಫೇಲಾದದ್ದು ಹೇಗೆ? ನನ್ನ ಹತ್ತನೇ ಇಯತ್ತೆಯ ಮಾಸ್ತರರು ಹೀಗೆ ಹೇಳಿದ್ದರೆ ನಾನು ಬಹುಶಃ ಬಿ.ಎ. ಕಡೆಗೆ ಬರುತ್ತಲೇ ಇರಲಿಲ್ಲ.

೨೯ ಮೇ

ಕಾಕಾ ಕೊಟ್ಟ ಲೆಕ್ಕ: ಇಪ್ಪತ್ತೈದು ಮೀಟರ್ ಎತ್ತರದ ಗೋಪುರ. ಅದರ ತುದಿಯಿಂದ ಚೆಂಡನ್ನು ಮೂವತ್ತು ಡಿಗ್ರಿ ಮೇಲ್ಮುಖವಾಗಿ ಒಗೆದಿದ್ದಾರೆ. ವೇಗ ಸೆಕೆಂಡಿಗೆ ನಲವತ್ತು ಮೀಟರ್. ನೆಲ ಮುಟ್ಟಲು ಎಷ್ಟು ಹೊತ್ತು?

ಇದನ್ನೇ ಅವರು ಬರುವ ಮೊದಲು ಮಾಡಿದ್ದೆವು. ಉತ್ತರ ಐದು ಸೆಕೆಂಡು. ಮೇಲೆ ಹೋಗಲು ಎರಡು, ಗೋಪುರದ ಮಟ್ಟಕ್ಕೆ ಮರಳಲು ಎರಡು, ಅಲ್ಲಿಂದ ನೆಲಕ್ಕೆ ಒಂದು.

ಕಾಕಾನ ಮುಂದೆ ಅನುಜಾ ಹೇಳಿದಳು: ನಾಲ್ಕು.

"ನಾಕೇನು?"

"ಟೂ ಯು ಸೈನ್ ಥೀಟಾ ಬೈ ಜಿ. ನಾಕು."

"ಅದು ಒಗದ ಮಟ್ಟಕ್ಕ ಬಂದು ಬೀಳೂ ಚೆಂಡಿನ ಸೂತ್ರ. ಗೋಪುರದ ಮ್ಯಾಲಿಂದ ಒಗದದ್ದು ಗೋಪುರದ ಮ್ಯಾಲ ಬೀಳತದೇನು? ಗಾಳಿಯೊಳಗ ನಿಂದ್ರತದೇನು ನಿನ್ನ ಚೆಂಡು, ತ್ರಿಶಂಕುನಂಗ?"

ಅನುಜಾ ಪ್ಲಾಸ್ಟರಿನ ಕೈಗಳನ್ನು ಮೇಜಿನ ಅಂಚಿಗೆ ಎಳೆದುಕೊಂಡಳು.

"ಏಪ್ರಿಲ್‌ದಾಗೂ ಇದ ತಪ್ಪು. ಕೇದಾರ ಇಂಥಾವು ನಿದ್ದಿಗಣ್ಣಾಗ ಮಾಡ್ತಿದ್ದ."

ಗಲಾಟೆಯಿಲ್ಲ. ದನಿ ಏರಿಸುವುದೇ ಇಲ್ಲ ಅವರು. ಗೇಜ್ ಹಿಡಿದು ಅಳೆದ ಹಾಗೆ ಮಾತು. ಅನುಜಾ ಕೀಲಿ ಹಾಕಿದ ಬಾಗಿಲನ್ನು ನೋಡುತ್ತಿದ್ದಳು. ನಾನು ನಾಲ್ಕು ಎಂದು ಬರೆದು, ಕೆಳಗೆ ಗೆರೆ ಎಳೆದೆ. ಹೇಳಿದ್ದನ್ನು ಬರೆಯುವುದು ತಾನೆ ನನ್ನ ಕೆಲಸ.

೩೦ ಮೇ

ಇವತ್ತೂ ನಾಲ್ಕು.

೩೧ ಮೇ

ಬೇರೆ ಲೆಕ್ಕ. ಸೇತುವೆಯ ಮೇಲಿಂದ ಕಲ್ಲು. ಕಾಕಾ ಬರುವವರೆಗೆ ಸರಿ, ಬಂದ ಮೇಲೆ ತಪ್ಪು. ಯಾವಾಗಲೂ ಕೊನೆಯ ಭಾಗವನ್ನು ಬಿಡುತ್ತಾಳೆ. ಚೆಂಡು, ಕಲ್ಲು, ಏನೇ ಇರಲಿ, ಒಗೆದ ಮಟ್ಟದವರೆಗೆ ತಂದು ನಿಲ್ಲಿಸುತ್ತಾಳೆ. ಅಪ್ಪನ ಎದುರು ಅವಳು ಯಾವುದನ್ನೂ ನೆಲಕ್ಕೆ ಬೀಳಿಸುವುದಿಲ್ಲ.

೪ ಜೂನ್

ನಿನ್ನೆ ಸಂಜೆ ವಳಿವಿನ ಮಳೆ, ಮುಂಗಾರಿಗೆ ಮೊದಲಿನದು. ಬೆಳಿಗ್ಗೆ ಅಂಗಳ ಒದ್ದೆ. ಗುರುತುಗಳು ಪಾಚಿಯ ಬಳೆಗಳ ಹಾಗೆ ಎದ್ದು ಕಂಡವು. ಮೂರನೆಯದರ ಮೇಲೆ, ಕರಿಬೇವಿನ ಕುಂಡವಿದ್ದಲ್ಲಿ, ಒಂದು ಸಣ್ಣ ಬಿರುಕು.

ಅವ್ವನ ಹೊಲಿಗೆ ಟೇಪು ತಂದೆ. ಯಾಕೆ ತಂದೆನೋ. ಗೋಡೆಯ ಬುಡದಿಂದ ಮೂರನೆಯ ಬಳೆಯ ನಡುವಿಗೆ: ಟೇಪು ಒಂದು ಸಲ ಪೂರ್ತಿ ನೂರೈವತ್ತು, ಮೇಲೆ ನೂರು. ಎರಡೂವರೆ ಮೀಟರ್. ಆಮೇಲೆ ಮೆಟ್ಟಿಲು ಎಣಿಸಿದೆ. ಇಪ್ಪತ್ತಮೂರು, ಒಂದೊಂದು ಹದಿನೇಳು ಸೆಂಟಿಮೀಟರ್. ಗಚ್ಚಿಯ ಕಟ್ಟೆ ನನ್ನ ಸೊಂಟದಷ್ಟು. ಎಲ್ಲ ಕೂಡಿದರೆ ಐದು ಮೀಟರಿಗೆ ನಾಲ್ಕು ಬೆರಳು ಕಡಿಮೆ. ಐದೇ ಅನ್ನೋಣ.

ಐದು ಮೀಟರ್ ಬೀಳಲು ಒಂದು ಸೆಕೆಂಡು. ಆ ಒಂದು ಸೆಕೆಂಡಿನಲ್ಲಿ ಎರಡೂವರೆ ಮೀಟರ್ ಅಡ್ಡಕ್ಕೆ.

ಕಾಲು ಜಾರಿದವರಿಗೆ ಅಡ್ಡ ವೇಗ ಹೆಚ್ಚು ಇರುವುದಿಲ್ಲ. ಗೋಡೆಯ ಬುಡದಲ್ಲೇ ಬೀಳುತ್ತಾರೆ. ಕಟ್ಟೆ ಸೊಂಟದವರೆಗೆ ಇದೆ, ಜಾರುವುದಾದರೂ ಹೇಗೆ? ಎರಡೂವರೆ ಮೀಟರ್ ದೂರ ಬೀಳಬೇಕಾದರೆ ಕಟ್ಟೆಯ ಮೇಲೆ ಹತ್ತಿ ನಿಂತು...

ಬರೆಯಲಾಗುತ್ತಿಲ್ಲ.

ತಲೆಯೆತ್ತಿ ನೋಡಿದೆ. ಮೇಲಿನ ಕಿಟಕಿಯ ಸರಳಿನ ಹಿಂದೆ ಬಿಳಿಯದೇನೋ. ಪ್ಲಾಸ್ಟರ್.

೬ ಜೂನ್

ಎರಡು ದಿನ ಜ್ವರ ಎಂದು ಹೇಳಿ ಮೇಲೆ ಹೋಗಲಿಲ್ಲ. ಜ್ವರವಿರಲಿಲ್ಲ.

ಮಧ್ಯಾಹ್ನ ಅವ್ವನನ್ನು ಕೇಳಿದೆ, ಕುಂಡಗಳನ್ನು ಸರಿಸಿದವರು ಯಾರು ಅಂತ. ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಮಾಲಕರ ಸರಿಸ್ಯಾರ. ಹುಡಿಗೀನ ದವಾಖಾನಿಗೆ ಹಾಕಿ ಬಂದಾರ, ಇನ್ನೂ ಅಂಗಿ ಮ್ಯಾಲ ರಕ್ತ ಐತಿ, ಒಬ್ಬರ ಕುಂತು ಎಳ್ಯಾಕತ್ತಾರ. ನಾ ಹಿಡೀತೀನ್ರಿ ಅಂದ್ನಿ. ಬ್ಯಾಡ ಅಂದ್ರು. ಆಮ್ಯಾಲ ಪೊಲೀಸರು ಬಂದ್ರು ನೋಡು, ಬರಕೊಂಡು ಹ್ವಾದ್ರು. ಕಾಲು ಜಾರಿ ಬಿದ್ದದ್ದು ಅಂತ."

ಹಾಗಾದರೆ ಕಾಕಾನಿಗೆ ಅವತ್ತೇ ಗೊತ್ತಿತ್ತು. ಅಂಗಳ ನೋಡಿದ ಕೂಡಲೇ ತಿಳಿದಿರಬೇಕು. ದಿನಾ ಈ ಲೆಕ್ಕ ಕೊಡುವ ಮನುಷ್ಯ. ಟೇಪು ಕೂಡ ಬೇಕಾಗಿರಲಿಕ್ಕಿಲ್ಲ. ಕಾಲು ಜಾರಿದವರು ಎಲ್ಲಿ ಬೀಳಬೇಕೋ ಅಲ್ಲಿಗೆ ಕುಂಡಗಳನ್ನು ತಂದಿಟ್ಟಿದ್ದಾರೆ. ಉತ್ತರ ಮೊದಲೇ ಇಟ್ಟುಕೊಂಡು ಲೆಕ್ಕ ತಿದ್ದಿದ್ದಾರೆ.

ಬಾಗಿಲಿಗೆ ಕೀಲಿಯನ್ನೂ ಹಾಕಿದ್ದಾರೆ. ಲೀಲಾ ಕಾಕುವಿಗೆ ಮಾತ್ರ ಏನನ್ನೂ ಹೇಳಿಲ್ಲ. ಅವರು ದಿನಾ ಬೆಳಿಗ್ಗೆ ಆ ಕುಂಡಗಳಿಗೆ ನೀರು ಹಾಕಿ, ಸಂಡಿಗೆಗೆ ಶಾಪ ಹಾಕುತ್ತಾರೆ.

೯ ಜೂನ್, ಶನಿವಾರ

ಕಾಕಾನಿಗೆ ಓವರ್‌ಟೈಮ್. ನಾವಿಬ್ಬರೇ. ಮಳೆ ಹಿಡಿದಿದೆ.

ಹಳೆಯ ಗೋಪುರದ ಲೆಕ್ಕವನ್ನು ಅವಳೇ ತೆಗೆದು ಹೇಳತೊಡಗಿದಳು. ಬರೆಯುತ್ತ ಹೋದೆ. ಅವಳು ನಿಲ್ಲಿಸಿದಳು. ನನ್ನ ಪೆನ್ನು ನಿಲ್ಲಲಿಲ್ಲ. t ಈಕ್ವಲ್ಸ್ ಐದು — ಅವಳ ಬಾಯಿಂದ ಬರುವ ಮೊದಲೇ ಕಾಗದದ ಮೇಲಿತ್ತು.

ಇಬ್ಬರೂ ಆ ಐದನ್ನು ನೋಡಿದೆವು.

"ಪರೀಕ್ಷಾದಾಗ ನಿನ್ನ ಪೆನ್ನು ನನ್ನ ಹಿಂದ ಬರಬೇಕು ಅಕ್ಕಾ."

ತಪ್ಪಾಯಿತು ಅಂದೆ.

"ಅಂಗಳಾ ಅಳದಿ. ನೋಡಿದೆ." ಆ ಐದರ ಮೇಲೆಯೇ ಕಣ್ಣಿಟ್ಟು, "ಎಷ್ಟು ಬಂತು?"

ಸುಳ್ಳು ಹೇಳಬಹುದಿತ್ತು. "ಸೆಕೆಂಡಿಗೆ ಎರಡೂವರೆ."

ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಏನೋ ಮಾಡಿದಳು. "ಬರೋಬರಿ ಅದ," ಅಂದಳು. ಬೇರೆಯವರ ಹೋಮ್‌ವರ್ಕ್ ನೋಡಿದ ಹಾಗೆ.

ಅವಳ ಕೈ ಹಿಡಿಯೋಣವೆಂದರೆ ಹಿಡಿಯಲು ಇದ್ದದ್ದು ಪ್ಲಾಸ್ಟರ್. ಅದರ ಮೇಲೆಯೇ ಕೈಯಿಟ್ಟೆ.

"ಐದನೇ ಸೆಕೆಂಡು ನನಗ ಗೊತ್ತದ. ಅಪ್ಪನ ಮುಂದ ಅದನ್ನ ಹೇಳಲಿಕ್ಕೆ ಬರೂದಿಲ್ಲ. ಬಾಯಿ ಕಟ್ತದ. ಹೇಳಿದ್ರ ಅವರ ಮಾರಿ ಹೆಂಗಾಗ್ತದ ಅಂತ ನೋಡಲಿಕ್ಕಾಗೂದಿಲ್ಲ." ಆಮೇಲೆ, "ಪರೀಕ್ಷಾದಾಗ ಬರ್ತದೋ ಇಲ್ಲೋ ಗೊತ್ತಿಲ್ಲ. ನಾ ನಾಕು ಅಂದ್ರ ನಾಕ ಬರಿ. ಪೂರಾ ಪೇಪರ್ ತಪ್ಪ ಹೇಳಿದ್ರ ಪೂರಾ ತಪ್ಪ ಬರಿ. ಹತ್ತನೇದಾದ ಮ್ಯಾಲ ನನ್ನ ಯಾರೂ ಏನೂ ಕೇಳಲಿಲ್ಲ. ಸೈನ್ಸ್ ಅಂದ್ರು, ಸೈನ್ಸ್. ಇದೊಂದಾದ್ರೂ ನಾ ಹೇಳಿದ್ದು ಆಗಲಿ."

"ಪಾಸಾದರೆ ಒಳ್ಳೆಯದಲ್ಲವಾ?"

"ಪಾಸಾದ್ರ ಎಲ್ಲಾ ಮದ್ಲಿನಂಗ ಆತು ಅಂತ ತಿಳೀತಾರ. ಹನ್ನೆರಡನೇದಕ್ಕ ಎರಡು ಟ್ಯೂಷನ್ ಹಚ್ತಾರ." ಹಿತ್ತಾಳೆಯ ಕೀಲಿಯನ್ನು ಗದ್ದದಿಂದ ತೋರಿಸಿದಳು. "ಇದನ್ನೂ ತಗೀತಾರ."

ಏನು ಹೇಳುವುದು? ಐದು ವರ್ಷ ಸಾಹಿತ್ಯ ಓದಿದ್ದೇನೆ. ಸಾಯುವವರ ಬಗ್ಗೆ ಎಷ್ಟು ಪ್ರಬಂಧ ಬರೆದಿದ್ದೇನೆ, ಅಂಕ ತೆಗೆದುಕೊಂಡಿದ್ದೇನೆ...

"ಮತ್ತೆ ಹಂಗ ಅನಸ್ತದೇನು?" ಎಂದಷ್ಟೇ ಕೇಳಿದೆ. ಅವಳ ಮಾತಿನಲ್ಲೇ ಕೇಳಿದೆ.

"ದಿನಾ ಇಲ್ಲ."

"ಅಮ್ಮಗ ಹೇಳು."

"ಅಮ್ಮ ತಾನ ಕಳಿಸಿದ್ದು ಅಂತ ಅಳ್ತಾಳ. ಅಕಿ ಕಳಿಸಿದ್ದು ಸಂಡಿಗಿಗೆ. ನಾ ಹೋಗಿದ್ದು ಸಂಡಿಗಿಗಲ್ಲ. ಹೆಂಗ ಹೇಳ್ಲಿ? ಎಲ್ಲಿಂದ ಶುರು ಮಾಡ್ಲಿ?"

ಕೆಳಗೆ ಕಾಕು ಮಳೆಗೆ ನೆನೆಯುತ್ತ ಬಟ್ಟೆ ತೆಗೆಯುತ್ತಿದ್ದರು. ಯಾರೂ ಕೇಳದಿದ್ದರೂ ಹಾಡು ಗುನುಗುವ ಹೆಂಗಸಾಗಿದ್ದರು. ಈಗಿಲ್ಲ.

೧೧ ಜೂನ್

ಕಾಕಾ ಬೆಳಿಗ್ಗೆ ಏಳಕ್ಕೆ, ಬಸ್ಸಿಗೆ ಹೊರಡುವ ಮೊದಲು, ನಮ್ಮ ಬಾಗಿಲಿಗೆ ಬಂದರು. ಒಂಬತ್ತು ವರ್ಷದಲ್ಲಿ ಇದೇ ಮೊದಲು. ಅಪ್ಪ ಗಡಬಡಿಸಿ ಕುರ್ಚಿ ಕೊಟ್ಟರು. ಕೂರಲಿಲ್ಲ. ನನ್ನನ್ನು ಅಂಗಳಕ್ಕೆ ಕರೆದರು.

ಜೇಬಿನಿಂದ ಒಂದು ಹೊಸ ಪೆನ್ನು. "ಪರೀಕ್ಷಾಕ್ಕ. ಛಲೋ ನಡೀತದ."

ತೆಗೆದುಕೊಂಡೆ.

"ನಿನಗ ಈಗ ತಿಳೀತದ. ಅಕ್ಷರಾ ನೋಡಿದ್ರ ಗೊತ್ತಾಗ್ತದ. ಮದ್ಲ ಥೀಟಾ ಚಿತ್ರಾ ತಗದಂಗ ತಗೀತಿದ್ದಿ. ಈಗ ಬರೀತಿ."

ನಾನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ಅಕಿ ನಾಕು ಅಂದ್ರ ನೀ ಐದು ಬರಿ. ಅಷ್ಟ. ಹಾಲಿನ ಮೂಲ್ಯಾಗ ಕೂಡಸ್ತಾರ, ಯಾರಿಗೂ ಗೊತ್ತಾಗೂದಿಲ್ಲ. ಅಕಿಗೆ ಕೈ ಇಲ್ಲ, ತಿದ್ದಲಿಕ್ಕೆ ಬರೂದಿಲ್ಲ."

"ಫಾರ್ಮಿಗೆ ಸಹಿ—"

"ಗೊತ್ತದ." ಅವರ ಕಣ್ಣು ಗೋಡೆಯ ಬುಡದ ಕುಂಡಗಳ ಮೇಲಿತ್ತು. ಅಲ್ಲಿಂದ ಖಾಲಿ ಬಳೆಗಳ ಕಡೆಗೆ ಹೋಗಲಿಲ್ಲ, ಹೋಗದಂತೆ ನೋಡಿಕೊಂಡರು. "ಇನ್ನೊಮ್ಮೆ ಫೇಲಾದ್ರ ಅಕಿ..." ಗೇಟಿನ ಕಡೆ ನೋಡಿದರು. "ನಾ ಇಪ್ಪತ್ತನಾಕು ತಾಸು ಬಾಗಲಾ ಕಾಯಲಿಕ್ಕಾಗೂದಿಲ್ಲ ಶೀತಲ್."

ಅಷ್ಟು ದೊಡ್ಡ ಮನುಷ್ಯರು. ಬಲಗೈ ಕೀಲಿಕೈ ಗೊಂಚಲನ್ನು ಹಿಡಿದುಕೊಂಡಿತ್ತು, ಬೆರಳು ಬಿಳಿಚಿದ್ದವು. ಅವರ ಮೇಲೆ ಸಿಟ್ಟು ಮಾಡಬೇಕೆಂದು ಐದು ದಿನದಿಂದ ಪ್ರಯತ್ನಪಟ್ಟಿದ್ದೆ. ಇವತ್ತು ಅದೂ ಹೋಯಿತು.

ಹೊರಗೆ ಹಾರ್ನ್ ಕೇಳಿತು. ಕಂಪನಿ ಬಸ್ಸು. ಹೋದರು.

ಹೂಂ ಅಂದೆನೋ, ತಲೆಯಾಡಿಸಿದೆನೋ, ನೆನಪಿಲ್ಲ. ಇಲ್ಲ ಅಂತೂ ಅನ್ನಲಿಲ್ಲ.

೧೨ ಜೂನ್

ಅಪ್ಪ ಹೇಳುತ್ತಾರೆ, ಮಾಲಕರು ಏನು ಕೇಳಿದರೋ ಅದನ್ನು ಮಾಡು, ಒಂಬತ್ತು ವರ್ಷದಲ್ಲಿ ಒಂದು ಮಾತು ಆಡಿದವರಲ್ಲ. ಏನು ಕೇಳಿದರೆಂದು ಮಾತ್ರ ಅಪ್ಪ ಕೇಳಲಿಲ್ಲ.

ಐದು ಬರೆದರೆ ಪಾಸು. ಬಾಗಿಲು ತೆರೆಯುತ್ತದೆ. ನಾಲ್ಕು ಬರೆದರೆ ಫೇಲು. ಬಾಗಿಲಿಗೆ ಇನ್ನೊಂದು ಕೀಲಿ ಬರುತ್ತದೆ. ಎರಡರಲ್ಲಿ ಯಾವುದನ್ನು ಬರೆದರೂ ಆ ಕೋಣೆಯಲ್ಲಿ ಕೂತಿರುವವಳು ಅನುಜಾ ಒಬ್ಬಳೇ. ಗೊತ್ತಿರುವವರು ಮೂವರು: ಅವಳು, ಕಾಕಾ, ನಾನು. ಮೂವರೂ ನಾಲ್ಕನೆಯವರಿಗೆ ಹೇಳುವುದಿಲ್ಲ. ದಿನವಿಡೀ ಅವಳ ಜೊತೆ ಇರುವ ಕಾಕುವಿಗೆ ಮಾತ್ರ ಗೊತ್ತಿಲ್ಲ.

೧೩ ಜೂನ್, ರಾತ್ರಿ ಎಂಟು

ಕೊನೆಯ ಅಭ್ಯಾಸ ಮುಗಿಯಿತು. ಇವತ್ತು ಲೆಕ್ಕ ಕೊಡಲಿಲ್ಲ ಕಾಕಾ. ಕುರ್ಚಿಯಲ್ಲಿ ಕೂತು ಪೇಪರ್ ಓದಿದರು, ಒಂದೇ ಪುಟ. ಕಾಕು ದೇವರ ಮುಂದೆ ಹಾಲ್‌ಟಿಕೆಟ್ ಇಟ್ಟಿದ್ದಾರೆ. ನನಗೂ ಕುಂಕುಮ ಹಚ್ಚಿದರು. "ನಿನ್ನ ಕೈಯಾಗ ಅದವಾ ನಮ್ಮ ಕೂಸು," ಅಂದರು.

ಮೆಟ್ಟಿಲು ಇಳಿಯುವಾಗ ಅನುಜಾ ಹಿಂದಿನಿಂದ ಕರೆದಳು. "ಅಕ್ಕಾ, ನಿನ್ನ ಹಳೇ ಪೆನ್ನ ತಗೊಂಡ್ ಬಾ." ಹೊಸದನ್ನು ನೋಡಿದ್ದಾಳೆ. ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ.

ಹಳೆಯದನ್ನೇ ಒಯ್ಯುತ್ತೇನೆ. ನಾಳೆ ಹಾಲ್‌ನಲ್ಲಿ ಮತ್ತೆ ಸಹಿ — ಈ ವಿಷಯದಲ್ಲಿ ನನಗೆ ಜ್ಞಾನವಿಲ್ಲ. ಸುಳ್ಳು. ಆ ಒಂದು ಸುಳ್ಳು ನನ್ನದು, ಇರಲಿ. ಆಮೇಲೆ ಪೆನ್ನು ಅವಳ ಹಿಂದೆ ಹೋಗುತ್ತದೆ. ನಾಲ್ಕಾದರೆ ನಾಲ್ಕು.

ಅಷ್ಟರಿಂದ ಆಗುವುದಿಲ್ಲ. ಗೊತ್ತು.

ಮಾತು ಶುರು ಮಾಡುವುದು ನನಗೆ ಬರುವುದಿಲ್ಲ. ಮನೆಯಲ್ಲಿ, ಕಾಲೇಜಿನಲ್ಲಿ, ಎಲ್ಲೂ ಬರಲಿಲ್ಲ. ಆದರೆ ಯಾರಾದರೂ ಕೇಳಿದರೆ ಉತ್ತರ ಕೊಡಬಲ್ಲೆ. ಸುಳ್ಳು ಹೇಳದೆ ಕೊಡಬಲ್ಲೆ. ಶನಿವಾರ ಕೊಟ್ಟಿದ್ದೇನೆ.

ಲೀಲಾ ಕಾಕು ಆರಕ್ಕೆ ಗಿಡಗಳಿಗೆ ನೀರು ಹಾಕಲು ಇಳಿಯುತ್ತಾರೆ. ಕೇಳದೇ ಇರಲಾರರು.

ನಾಳೆ ಐದಕ್ಕೆ ಏಳಬೇಕು. ಏಳು ಕುಂಡಗಳು. ಮಣ್ಣು ಒದ್ದೆಯಾಗಿ ಭಾರವಾಗಿವೆ, ಅಂಚು ಹಿಡಿದು ಹೊರಳಿಸುತ್ತ ತಂದರೆ ಒಬ್ಬಳಿಗೇ ಆಗುತ್ತದೆ. ಬಳೆಗಳ ಮೇಲೆ ಒಂದೊಂದಾಗಿ, ಮೊದಲಿದ್ದ ಹಾಗೆ. ಮೂರನೆಯದನ್ನು ಖಾಲಿ ಬಿಡಬೇಕು.